ನಮ್ಮ ಕಾಲದ ಆಟ ಅಷ್ಟೊಂದು ಮುಗ್ಧವಾಗಿತ್ತೇ?

ಐಪಿಎಲ್ ಶುರುವಾದರೆ ಸಾಕು, ದೋಹಾದ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಕೊನೆಯ ಓವರಿನಲ್ಲಿ ನೋಬಾಲ್ ಬಿತ್ತು, ಕೈಗೆ ಬಂದ ಕ್ಯಾಚ್ ಜಾರಿತು ಅಂದರೆ ಸೋಫಾದ ಮೇಲಿಂದ ತೀರ್ಪು ಬಂದೇ ಬಿಡುತ್ತದೆ: "ಎಲ್ಲಾ ಫಿಕ್ಸಿಂಗ್ ಕಣೋ. ಈಗೆಲ್ಲಾ ದುಡ್ಡಿನ ಆಟ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ."

ನೀವೂ ಎಂದಾದರೂ ಹೀಗೆ ಹೇಳಿರಬಹುದು. ಆದರೆ ಪಕ್ಕದಲ್ಲಿ ಆರ್‌ಸಿಬಿ ಅಂಗಿ ಹಾಕಿಕೊಂಡು ಕೂತಿರುವ ಮಗನೋ ಮಗಳೋ ಇದರಿಂದ ಏನು ಕಲಿಯುತ್ತಾರೆ? ತಾವು ಇಷ್ಟಪಡುವ ಆಟ ಸುಳ್ಳು, ಒಳ್ಳೆಯವರೆಲ್ಲ ಅಪ್ಪ ಅಮ್ಮನ ಕಾಲಕ್ಕೇ ಮುಗಿದುಹೋದರು, ಇನ್ನು ತಾವು ನಿಯತ್ತಾಗಿ ಆಡಿ ಆಗಬೇಕಾದ್ದೇನು ಎಂದು. ಇಷ್ಟು ದೊಡ್ಡ ಮಾತನ್ನು ಮಕ್ಕಳ ಕಿವಿಗೆ ಹಾಕುವ ಮೊದಲು, ಅದು ನಿಜವೇ ಎಂದು ಒಮ್ಮೆ ನೋಡಿಬಿಡೋಣ.

ಭದ್ರಾವತಿಯ ವಿಶ್ವನಾಥ್ ಮಾಡಿದ್ದು

ಹಳೆಯ ಕಾಲದ ಪರವಾಗಿ ಹೇಳುವುದಕ್ಕೆ ನಮ್ಮಲ್ಲಿ ಚಿನ್ನದಂಥ ಸಾಕ್ಷಿಯಿದೆ. 1980ರ ಫೆಬ್ರವರಿ, ಮುಂಬೈಯ ವಾಂಖೆಡೆ ಮೈದಾನ. ಬಿಸಿಸಿಐನ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಭಾರತದ 242 ರನ್ನಿಗೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಎಸೆತದಲ್ಲಿ ಬಾಬ್ ಟೇಲರ್ ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎನಿಸಿತು. ಅಂಪೈರ್ ಬಳಿ ಹೋಗಿ ಮಾತಾಡಿ, ಟೇಲರ್‌ರನ್ನು ವಾಪಸ್ ಕರೆಸಿದರು.

ಮುಂದೆ ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ ಸೇರಿಸಿದರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥ್ ಭಾರತದ ನಾಯಕರಾಗಿ ಆಡಿದ್ದು ಎರಡೇ ಟೆಸ್ಟ್, ಇದೇ ಕೊನೆಯದು. ನಲವತ್ತು ವರ್ಷಗಳಾದರೂ ಆ ಪಂದ್ಯದ ಮಾತು ಬಂದರೆ ಸೋಲಿಗಿಂತ ಮೊದಲು ನೆನಪಾಗುವುದು ಅವರು ಟೇಲರ್‌ರನ್ನು ಕರೆದದ್ದೇ.

ಇಂಥ ಕಥೆ ಕೇಳಿ ಬೆಳೆದವರಿಗೆ ಇಂದಿನ ಆಟ ಸಪ್ಪೆ ಅನ್ನಿಸಿದರೆ ತಪ್ಪೇನೂ ಇಲ್ಲ. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ.

ದೂರದ ಬೆಟ್ಟ ನುಣ್ಣಗೆ

ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಅವರ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರಲಾರದು. ಭಾರತದ ಮೊದಲ ದೊಡ್ಡ ಸ್ಪಿನ್ನರ್ ಅವರು. 1911ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೆ ಪುಣೆಯಲ್ಲಿ ಅವರ ಬೌಲಿಂಗಿನಿಂದ ಗೆಲ್ಲುತ್ತಿದ್ದ ತಂಡದವರೇ, ಅವರು ದಲಿತರೆಂಬ ಕಾರಣಕ್ಕೆ, ಚಹಾವನ್ನು ಪೆವಿಲಿಯನ್ ಹೊರಗೆ ಬೇರೆ ಕುಡಿಕೆಯಲ್ಲಿ ಕೊಡುತ್ತಿದ್ದರು. ಎಷ್ಟೇ ವಿಕೆಟ್ ಕಿತ್ತರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಬಿಳಿ ಉಡುಪಿನ ಆ 'ಸಭ್ಯರ ಆಟ' ಬಾಲೂ ಅವರ ಪಾಲಿಗೆ ಹೇಗಿತ್ತು ಎಂದು ಯೋಚಿಸಿ.

ಹೆಣ್ಣುಮಕ್ಕಳ ವಿಷಯಕ್ಕೆ ಬನ್ನಿ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಾಯಕಿ ಶಾಂತಾ ರಂಗಸ್ವಾಮಿ. ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ ಹೋಗಿ, ಡಾರ್ಮಿಟರಿಗಳಲ್ಲಿ ಮಲಗಿ, ಮರುದಿನ ಮೈದಾನಕ್ಕೆ ಇಳಿಯುತ್ತಿದ್ದರು. ಪುರುಷರಷ್ಟೇ ಪಂದ್ಯ ಶುಲ್ಕ ಎಂದು ಬಿಸಿಸಿಐ ಘೋಷಿಸಿದ್ದು 2022ರಲ್ಲಿ. 2024ರಲ್ಲಿ ಆರ್‌ಸಿಬಿಯ ಮಹಿಳೆಯರು ಕಪ್ ಎತ್ತಿದಾಗ, ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಅತಿ ಹೆಚ್ಚು ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಧರಿಸಿದರು. 'ದುಡ್ಡಿನ ಆಟ' ಎಂದು ಬೈಯುವ ನಮಗೆ, ಆ ದುಡ್ಡು ಒಬ್ಬ ಹುಡುಗಿಗೆ ಎಂಥ ಬಾಗಿಲು ತೆರೆಯಿತು ಎನ್ನುವುದೂ ಕಾಣಬೇಕು.

ಪುರುಷರ ಸ್ಥಿತಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ. 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಗೆದ್ದುಬಂದ ಆಟಗಾರರಿಗೆ ಕೊಡಲು ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿದ ಕಾರ್ಯಕ್ರಮದಿಂದ ಬಂದ ಹಣದಲ್ಲಿ ಒಬ್ಬೊಬ್ಬರಿಗೆ 1 ಲಕ್ಷ ರೂಪಾಯಿ ಸಿಕ್ಕಿತು. ನಾವು ಇದನ್ನು ಸರಳತೆ ಎಂದು ನೆನೆಯುತ್ತೇವೆ. ಆಡಿದವರ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ಶಾರ್ಜಾದ ನೆನಪು

ಕೊಲ್ಲಿ ದೇಶಗಳಲ್ಲಿರುವ ನಮಗೆ ಹಳೆಯ ಕ್ರಿಕೆಟ್ ಎಂದರೆ ಶಾರ್ಜಾ. ಅಲ್ಲಿ ಆಟ ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ: ಭಾರತ, ಪಾಕಿಸ್ತಾನದ ನಿವೃತ್ತ ಆಟಗಾರರ ಕೈಗೆ ನಾಲ್ಕು ಕಾಸು ಸಿಗಲಿ ಎಂದು ಅಬ್ದುಲ್ ರೆಹಮಾನ್ ಬುಖಾತಿರ್ 1981ರಿಂದ ಅಲ್ಲಿ ಪಂದ್ಯಗಳನ್ನು ಏರ್ಪಡಿಸಿದರು. 1998ರಲ್ಲಿ ಮರಳು ಬಿರುಗಾಳಿಯ ನಡುವೆ ಸಚಿನ್ ಆಡಿದ ಆಟವನ್ನು ಮರೆತವರಿಲ್ಲ. ಆದರೆ ಮೂರೇ ವರ್ಷಗಳಲ್ಲಿ, ಫಿಕ್ಸಿಂಗ್ ಹಗರಣದ ನೆರಳಿನಲ್ಲಿ, ಶಾರ್ಜಾದಂಥ ಕಡೆ ಆಡಲು ಹೋಗಬೇಡಿ ಎಂದು ಭಾರತ ಸರ್ಕಾರವೇ ತಂಡವನ್ನು ತಡೆಯಿತು.

ಅದೇ ವರ್ಷಗಳ ಇನ್ನೊಂದು ಚಿತ್ರ ನೋಡಿ. 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ 9 ವಿಕೆಟ್‌ಗಳೂ ಅನಿಲ್ ಕುಂಬ್ಳೆ ಪಾಲಾಗಿದ್ದವು. ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಮೈಸೂರಿನ ಜಾವಗಲ್ ಶ್ರೀನಾಥ್, ಹತ್ತನೆಯದು ಗೆಳೆಯನಿಗೇ ಸಿಗಲೆಂದು ಚೆಂಡನ್ನು ಸ್ಟಂಪ್‌ನಿಂದ ದೂರ ಎಸೆದರು. ಕುಂಬ್ಳೆ 74 ರನ್ನಿಗೆ 10 ವಿಕೆಟ್ ಪಡೆದರು. ಅದಾಗಿ ಹದಿನಾಲ್ಕು ತಿಂಗಳಿಗೆ, 2000ದ ಏಪ್ರಿಲ್‌ನಲ್ಲಿ, ಅದೇ ದೆಹಲಿಯ ಪೊಲೀಸರು ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ವಿರುದ್ಧದ ಫಿಕ್ಸಿಂಗ್ ಆರೋಪ ಹೊರಹಾಕಿದರು. ಶ್ರೀನಾಥ್ ಆಡಿದ್ದೂ ಕ್ರೋನಿಯೆ ಆಡಿದ್ದೂ ಒಂದೇ ಕಾಲದಲ್ಲಿ. ಕಾಲ ಇಬ್ಬರನ್ನೂ ಒಂದೇ ಥರ ಮಾಡಲಿಲ್ಲ.

ನಮ್ಮ ಊರಾಗಿರುವ ದೋಹಾದಲ್ಲೇ ಒಬ್ಬ

ಹಾಗಾದರೆ ಇಂದು? 2021ರ ಆಗಸ್ಟ್ 1, ಟೋಕಿಯೋ ಒಲಿಂಪಿಕ್ಸ್. ಎತ್ತರ ಜಿಗಿತದಲ್ಲಿ ದೋಹಾದಲ್ಲೇ ಹುಟ್ಟಿದ ಮುತಾಝ್ ಬರ್ಶಿಮ್ ಮತ್ತು ಇಟಲಿಯ ಜಾನ್‌ಮಾರ್ಕೊ ತಂಬೇರಿ ಇಬ್ಬರೂ 2.37 ಮೀಟರ್ ಜಿಗಿದರು. 2.39ರಲ್ಲಿ ಇಬ್ಬರೂ ಮೂರು ಮೂರು ಬಾರಿ ಸೋತರು. ಒಬ್ಬರು ಗೆಲ್ಲುವ ತನಕ ಜಿಗಿಯುತ್ತೀರಾ ಎಂದು ಅಧಿಕಾರಿ ಕೇಳಿದಾಗ, ಎರಡು ಚಿನ್ನ ಕೊಡಲು ಆಗುತ್ತದೆಯೇ ಎಂದು ಬರ್ಶಿಮ್ ಕೇಳಿದರು. ಆಗುತ್ತದೆ ಎಂಬ ಉತ್ತರ ಪೂರ್ತಿಯಾಗುವ ಮೊದಲೇ ಇಬ್ಬರೂ ತಬ್ಬಿಕೊಂಡಿದ್ದರು. ಇಬ್ಬರೂ ಕಾಲಿನ ದೊಡ್ಡ ಗಾಯದಿಂದ ಎದ್ದು ಬಂದವರು, ಹಳೆಯ ಗೆಳೆಯರು. ಜಾಹೀರಾತು, ಪ್ರಾಯೋಜಕರು, ಬಹುಮಾನದ ಹಣ ಎಲ್ಲವೂ ತುಂಬಿರುವ ಇಂದಿನ ಕ್ರೀಡೆಯಲ್ಲೇ ಇದೂ ನಡೆಯಿತು.

ಹಳೆಯ ನೆನಪು ಕೂಡ ಈಗ ಮಾರಾಟದ ಸರಕೇ. 2023ರ ಮಾರ್ಚ್‌ನಲ್ಲಿ ದೋಹಾದ ಏಷಿಯನ್ ಟೌನ್ ಮೈದಾನದಲ್ಲಿ ಲೆಜೆಂಡ್ಸ್ ಲೀಗ್ ನಡೆದಾಗ, ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಬ್ಯಾಟ್ ಬೀಸುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಖುಷಿಪಟ್ಟಿದ್ದರೆ ಸಂತೋಷ. ನಾವು ನಿಜವಾಗಿ ಕಳೆದುಕೊಂಡದ್ದು ಆಟದ ಮುಗ್ಧತೆಯನ್ನಲ್ಲ, ಪಕ್ಕದ ಮನೆಯ ಟಿವಿ ಮುಂದೆ ಚಾಪೆ ಹಾಸಿ ಕೂತಿದ್ದ ನಮ್ಮ ಬಾಲ್ಯವನ್ನು. ಆ ಹಂಬಲ ಸಹಜ. ಅದರ ಸಿಟ್ಟನ್ನು ಮಕ್ಕಳ ಆಟದ ಮೇಲೆ ತೀರಿಸಿಕೊಳ್ಳಬಾರದು ಅಷ್ಟೇ.

ಮಕ್ಕಳಿಗೆ ಏನು ಹೇಳೋಣ?

'ಫಿಕ್ಸಿಂಗ್' ಎಂಬ ಪದವನ್ನು ಜೋಪಾನವಾಗಿ ಬಳಸಿ. ನಮ್ಮ ತಂಡ ಗೆದ್ದ ದಿನ ಯಾರೂ ಆ ಮಾತು ಎತ್ತುವುದಿಲ್ಲ, ಗಮನಿಸಿದ್ದೀರಾ? ನಿಜವಾಗಿ ನಡೆದದ್ದನ್ನು ಮಾತ್ರ ಮುಚ್ಚಿಡಬೇಡಿ. ಕ್ರೋನಿಯೆ ಹಣ ಪಡೆದದ್ದನ್ನು ಒಪ್ಪಿಕೊಂಡದ್ದು, 2019ರಲ್ಲಿ ನಮ್ಮದೇ ಕರ್ನಾಟಕ ಪ್ರೀಮಿಯರ್ ಲೀಗ್‌ನ ಆಟಗಾರರು ಬಂಧನಕ್ಕೊಳಗಾದದ್ದು, ಎಲ್ಲವನ್ನೂ ಹದಿಹರೆಯದ ಮಕ್ಕಳಿಗೆ ನೇರವಾಗಿ ಹೇಳಬಹುದು.

ನಿಮ್ಮ ಫೋನನ್ನೂ ಒಮ್ಮೆ ನೋಡಿಕೊಳ್ಳಿ. ಕತಾರ್‌ನಲ್ಲಿ ಜೂಜು ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತವೂ 2025ರಲ್ಲಿ ಕಾನೂನು ತಂದು ನಿಷೇಧಿಸಿತು. ಆಟಗಾರರೆಲ್ಲ ಕಳ್ಳರು ಎನ್ನುವ ಅಪ್ಪನೇ ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಪಂದ್ಯದ ಮೇಲೆ ನೂರು ರೂಪಾಯಿ ಕಟ್ಟಿದರೆ, ಮಗು ಎರಡನೆಯದನ್ನೇ ಕಲಿಯುತ್ತದೆ.

ಇನ್ನು ಶುಕ್ರವಾರದ ಆಟ. ವಿಶ್ವನಾಥ್ ಎದುರಿಸಿದ ಪ್ರಶ್ನೆ ಇಂದಿನ ಟೆಸ್ಟ್‌ನಲ್ಲಿ ಬಹುತೇಕ ಬರುವುದೇ ಇಲ್ಲ. ಟೇಲರ್ ಡಿಆರ್‌ಎಸ್ ಕೇಳುತ್ತಿದ್ದರು, ಯಂತ್ರ ಉತ್ತರ ಕೊಡುತ್ತಿತ್ತು. ಆ ಪ್ರಶ್ನೆ ಈಗ ಉಳಿದಿರುವುದು ನಿಮ್ಮ ಕಾಂಪೌಂಡಿನಲ್ಲಿ, ಟೆನಿಸ್ ಬಾಲ್ ಹಿಡಿದು ಪಾರ್ಕಿಂಗ್ ಜಾಗದಲ್ಲಿ ಆಡುವ ಮಕ್ಕಳ ನಡುವೆ. ಅಲ್ಲಿ ಕ್ಯಾಮೆರಾ ಇಲ್ಲ, ಅಂಪೈರ್ ಕೂಡ ಬ್ಯಾಟಿಂಗ್ ತಂಡದವನೇ. ಚೆಂಡು ಬ್ಯಾಟಿಗೆ ತಾಗಿದ್ದು ಬ್ಯಾಟ್ ಹಿಡಿದವನಿಗೆ ಮಾತ್ರ ಗೊತ್ತು.

ಮಗ ತಾನಾಗಿಯೇ ಬ್ಯಾಟ್ ಕೆಳಗಿಟ್ಟು ಹೊರನಡೆದರೆ, ಬಾಲ್ಕನಿಯಿಂದ "ಯಾಕೋ ಬಿಟ್ಟುಕೊಟ್ಟೆ?" ಎಂದು ಕೂಗಬೇಡಿ. ಅವತ್ತು ರಾತ್ರಿ ಊಟಕ್ಕೆ ಕೂತಾಗ ವಿಶ್ವನಾಥ್ ಕಥೆ ಹೇಳಿ. ಪಂದ್ಯ ಸೋತೆವು ಎನ್ನುವುದನ್ನೂ ಸೇರಿಸಿ ಹೇಳಿ.