ರೋಗಾಣುವಿನ ಪಾಠಾಂತರಗಳು

2020ರ ಜೂನ್ ತಿಂಗಳ ಮಾತು. ರಾಜ್ಯದ ಉಳಿದೆಲ್ಲ ಜಿಲ್ಲೆಗಳಲ್ಲಿ ಕೊರೊನಾ ಕಾಣಿಸಿಕೊಂಡಿದ್ದರೂ ನಮ್ಮ ಚಾಮರಾಜನಗರ ಜಿಲ್ಲೆ ಅಲ್ಲಿಯವರೆಗೆ ಪಾರಾಗಿತ್ತು. ಆ ತಿಂಗಳ ಎರಡನೆಯ ವಾರದಲ್ಲಿ, ಹೊರರಾಜ್ಯದಿಂದ ಹನೂರು ಸೀಮೆಗೆ ಬಂದವರೊಬ್ಬರಲ್ಲಿ ಸೋಂಕು ದೃಢಪಟ್ಟಿತೆಂಬ ಸುದ್ದಿ ಹರಡಿತು. ಕೊಳ್ಳೇಗಾಲ, ಯಳಂದೂರುಗಳವರೆಗೂ ಜನರ ಮನಸ್ಸಿನಲ್ಲಿ ಭಯ ಮನೆಮಾಡಿತು.

ಆ ದಿನಗಳಲ್ಲಿ ಕೊಳ್ಳೇಗಾಲದ ಸಮೀಪದ ಹಳ್ಳಿಯೊಂದಕ್ಕೆ ಬೆಂಗಳೂರಿನಿಂದ ಒಂದು ಕುಟುಂಬ ಮರಳಿತ್ತು. ಅವರನ್ನು ಊರಿನವರು ನೀರಿನ ತೊಂಬೆಯ ಬಳಿಗೂ ಬರಗೊಡಲಿಲ್ಲ. ಕೆಲವು ದಿನಗಳ ಬಳಿಕ ಅದೇ ಬೀದಿಯಲ್ಲಿ ಇಬ್ಬರು ಸೋಂಕಿತರಾದಾಗ ‘ತಂದವರು ಅವರೇ’ ಎಂದು ಊರು ತೀರ್ಮಾನಿಸಿಬಿಟ್ಟಿತು. ವಿಚಾರಿಸದೆ ತಲೆದೂಗಿದವರಲ್ಲಿ ನಾವೂ ಒಬ್ಬರು. ಆ ಮನೆಯವರಾರಿಗೂ ಸೋಂಕು ಇರಲಿಲ್ಲವೆಂಬುದು ಪರೀಕ್ಷೆಯಿಂದ ಆಮೇಲೆ ತಿಳಿಯಿತು.

ಹಾಗಾದರೆ ರೋಗವು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹರಡಿತು ಎಂಬುದನ್ನು ಅರಿಯುವ ಬಗೆ ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಉಪಾಯವನ್ನು ಓದಿದಾಗ ನಮಗೆ ಮಠದಲ್ಲಿ ಕಳೆದ ವಿದ್ಯಾರ್ಥಿ ದಿನಗಳು ನೆನಪಾದವು. ಒಂದೇ ಗ್ರಂಥದ ಹಲವು ತಾಳೆಗರಿ ಪ್ರತಿಗಳನ್ನು ಮುಂದಿರಿಸಿಕೊಂಡು ಗುರುಗಳು ಪಾಠಾಂತರಗಳನ್ನು ಗುರುತಿಸುತ್ತಿದ್ದರು. ಲಿಪಿಕಾರನು ಒಂದೆಡೆ ಅಕ್ಷರ ತಪ್ಪಿದರೆ, ಆ ಪ್ರತಿಯನ್ನು ನೋಡಿ ಬರೆದವರೆಲ್ಲರ ಓಲೆಗಳಲ್ಲಿಯೂ ಅದೇ ತಪ್ಪು ಮುಂದುವರಿಯುತ್ತದೆ. ಒಂದೇ ಬಗೆಯ ತಪ್ಪುಗಳನ್ನು ಹೊತ್ತ ಪ್ರತಿಗಳು ಒಂದೇ ಮಾತೃಕೆಯಿಂದ ಹುಟ್ಟಿದವೆಂದು ಊಹಿಸಬಹುದು.

ರೋಗಾಣುವಿನ ಕಥೆಯೂ ಹೀಗೆಯೇ. ಕೊರೊನಾ ರೋಗಾಣುವಿನೊಳಗೆ ಸುಮಾರು ಮೂವತ್ತು ಸಾವಿರ ಅಕ್ಷರಗಳ ಒಂದು ಆನುವಂಶಿಕ ಲಿಪಿಯಿದೆ. ಬಳಕೆಯಾಗುವ ಅಕ್ಷರಗಳು ನಾಲ್ಕೇ. ಅದು ಮನುಷ್ಯನ ದೇಹದಲ್ಲಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುವಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ. ತಿಂಗಳಿಗೆ ಸರಿಸುಮಾರು ಎರಡು ತಪ್ಪುಗಳು ಉಳಿದುಕೊಂಡು ಮುಂದಿನವರಿಗೆ ಸಾಗುತ್ತವೆ. ರೋಗಿಯ ಮೂಗು, ಗಂಟಲಿನಿಂದ ತೆಗೆದ ದ್ರವದಲ್ಲಿರುವ ಈ ಲಿಪಿಯನ್ನು ಪೂರ್ತಿಯಾಗಿ ಓದಿ, ಇತರರದರೊಡನೆ ಹೋಲಿಸಿ, ರೋಗಾಣುವಿನ ವಂಶವೃಕ್ಷವನ್ನು ರಚಿಸುತ್ತಾರೆ.

ಕರ್ನಾಟಕದಲ್ಲಿ ಮೊದಲ ಪ್ರಕರಣ ವರದಿಯಾದುದು 2020ರ ಮಾರ್ಚ್ 8ರಂದು. ಮೇ 21ರ ವೇಳೆಗೆ ಸೋಂಕಿತರ ಸಂಖ್ಯೆ 1578 ಆಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಈ ಅವಧಿಯ 91 ಮಾದರಿಗಳ ಲಿಪಿಯನ್ನು ಓದಿದರು. ಅವು ಏಳು ಕವಲುಗಳಿಗೆ ಸೇರಿದ್ದವು. ಚೀನಾ, ಆಗ್ನೇಯ ಏಷ್ಯಾ, ಇರಾನ್, ಯುರೋಪು ಹಾಗೂ ಭಾರತದ ಇತರ ಭಾಗಗಳಲ್ಲಿ ಅದಾಗಲೇ ಕಂಡುಬಂದಿದ್ದ ಕವಲುಗಳಿವು. ಎಂದರೆ ರೋಗವು ನಮ್ಮ ನಾಡಿಗೆ ಒಂದೇ ಬಾಗಿಲಿನಿಂದ ಬಂದಿರಲಿಲ್ಲ. ಪರಸ್ಪರ ಸಂಪರ್ಕದಿಂದ ಸೋಂಕು ತಗುಲಿದವರ 17 ಗುಂಪುಗಳ ಪೈಕಿ 14ರಲ್ಲಿ ಒಂದೊಂದೇ ಕವಲು ಕಂಡಿತು. 12 ಗುಂಪುಗಳು ಒಂದೊಂದು ಜಿಲ್ಲೆಯೊಳಗೇ ಉಳಿದಿದ್ದವು. ಯಾರ ಸಂಪರ್ಕವೂ ತಿಳಿಯದ 24 ಜನರೂ ಇದ್ದರು. ಅವರಲ್ಲಿ 11 ಮಂದಿಯಲ್ಲಿ ದೊರೆತುದು ರಾಜ್ಯದಲ್ಲಿ ಹೆಚ್ಚಾಗಿ ಹಬ್ಬಿದ್ದ ಒಂದೇ ಕವಲು. ಕಣ್ಣಿಗೆ ಬೀಳದಂತೆ ರೋಗವು ಊರೊಳಗೇ ಸಂಚರಿಸುತ್ತಿತ್ತೆಂಬುದು ಇದರಿಂದ ತಿಳಿದುಬಂತು.

ಮುಂದೆ 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಪ್ರಕಟವಾದುದೂ ಇದೇ ವಿದ್ಯೆಯಿಂದ. ಆ ಇಬ್ಬರಲ್ಲಿ ಒಬ್ಬರು ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ. ‘ಹೊರಗಿನಿಂದ ಬಂದವರೇ ತಂದರು’ ಎಂಬ ನಮ್ಮ ಸುಲಭದ ತೀರ್ಪು ಎಷ್ಟು ಸಡಿಲವೆಂಬುದನ್ನು ಓದುಗ ಬಂಧುಗಳು ಗಮನಿಸಬೇಕು.

ಈ ವಿದ್ಯೆ ಕೊರೊನಾಕ್ಕಷ್ಟೇ ಮೀಸಲಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು 2012ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಉಣ್ಣೆಗಳಿಂದ ಹರಡುವ ಆ ರೋಗಾಣುವಿನ ಹಳೆಯ, ಹೊಸ ಮಾದರಿಗಳ ಲಿಪಿಗಳನ್ನು ಹೋಲಿಸಿ, ಪಶ್ಚಿಮ ಘಟ್ಟಗಳಲ್ಲಿ ಅದು ಹಬ್ಬಿದ ದಾರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯವರು ಅರಸಿದ್ದಾರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಮಗ್ಗುಲಲ್ಲಿ ಬಾಳುವ ನಾವು, ಕಾಡಂಚಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸುವುದು ಕರ್ತವ್ಯ.

ಆದರೆ ಈ ವಿದ್ಯೆಗೂ ಮಿತಿಯುಂಟು. ಇಬ್ಬರ ರೋಗಾಣುಗಳು ಅಕ್ಷರಶಃ ಒಂದೇ ಆಗಿದ್ದರೂ ಯಾರು ಯಾರಿಗೆ ಅಂಟಿಸಿದರೆಂದು ಲಿಪಿಯೊಂದೇ ಹೇಳಲಾರದು. ಇಬ್ಬರಿಗೂ ಮೂರನೆಯವರಿಂದ ಬಂದಿರಬಹುದು. ನಡುವಿನ ಓಲೆಗಳು ಕಳೆದುಹೋದಾಗ ಗ್ರಂಥಸಂಪಾದಕನು ತಡವರಿಸುವಂತೆ, ಪರೀಕ್ಷೆಗೆ ಒಳಗಾಗದ ರೋಗಿಗಳಿದ್ದರೆ ವಿಜ್ಞಾನಿಯೂ ತಡವರಿಸುತ್ತಾನೆ. ಆದುದರಿಂದಲೇ ಮನೆಬಾಗಿಲಿಗೆ ಬಂದು ‘ಎಲ್ಲಿಗೆ ಹೋಗಿದ್ದಿರಿ, ಯಾರನ್ನು ಕಂಡಿರಿ’ ಎಂದು ಕೇಳುವ ಆಶಾ ಕಾರ್ಯಕರ್ತೆಯ ಕಾಯಕ ಪ್ರಯೋಗಾಲಯದ ಕೆಲಸದಷ್ಟೇ ಮುಖ್ಯ. ಬಹಿಷ್ಕಾರದ ಭಯವಿರುವ ಊರಿನಲ್ಲಿ ಜನ ಜ್ವರವನ್ನು ಮುಚ್ಚಿಡುತ್ತಾರೆ, ಸುಳ್ಳು ಹೇಳುತ್ತಾರೆ. ಆಗ ರೋಗದ ಜಾಡು ಕಡಿದುಹೋಗಿ, ಅದರ ಫಲವನ್ನು ಮನೆಯ ಹಿರಿಯರೂ ಮಕ್ಕಳೂ ಉಣ್ಣಬೇಕಾಗುತ್ತದೆ. ರೋಗದ ಜಾಡು ಹಿಡಿಯುವುದು ಹರಡುವಿಕೆಯನ್ನು ತಡೆಯುವುದಕ್ಕಾಗಿಯೇ ಹೊರತು ಅಪರಾಧಿಯನ್ನು ಹುಡುಕುವುದಕ್ಕಲ್ಲ.

ಮರುವರ್ಷ ನಾವು ಆ ಬೆಂಗಳೂರಿನ ಕುಟುಂಬದ ಮನೆಗೆ ಹೋಗಿ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆ ತಾಯಿ ‘ಹೋಗಲಿ ಬುಡಿ ಬುದ್ಧಿ’ ಎಂದು ಮಜ್ಜಿಗೆ ತಂದುಕೊಟ್ಟರು. ಅವರ ಮಗ ಮಾತ್ರ ಒಳಗಿನಿಂದ ಹೊರಬರಲಿಲ್ಲ. ಅವನನ್ನು ದೂರುವ ಅಧಿಕಾರ ನಮಗಿರಲಿಲ್ಲ. ಮುಂದೊಮ್ಮೆ ಇಂಥ ಕಾಲ ಒದಗಿದರೆ ಯಾರ ಮನೆಯ ಬಾಗಿಲಿಗೂ ಮುಳ್ಳು ಹಾಕದಿರುವ ಎಚ್ಚರ ನಮ್ಮೆಲ್ಲರಿಗೂ ಇರಲಿ.