ನಿಂಬೆಯ ಚಿಟ್ಟೆ, ಬಾಳೆಹಣ್ಣಿನ ನುಸಿ

ನಮ್ಮ ಹಿತ್ತಿಲಿನಲ್ಲಿ ಒಂದು ಕರಿಬೇವಿನ ಸಸಿಯಿದೆ. ಅದರ ಕಡ್ಡಿಗಳು ಉಳಿದಿವೆ ಎಂದರೆ ಹೆಚ್ಚು ಸರಿಯಾದೀತು. ಎಲೆಗಳನ್ನು ತಿಂದು ತೀರಿಸಿದುದು ನಿಂಬೆ ಚಿಟ್ಟೆಯ ಸಂತಾನ. ಕಪ್ಪು ರೆಕ್ಕೆಯ ತುಂಬ ತಿಳಿಹಳದಿಯ ಚುಕ್ಕೆಗಳನ್ನು ಹೊತ್ತು ಅದು ಬಂದಾಗ ಮನೆಮಂದಿಯೆಲ್ಲ ಬೆರಗಾಗಿ ನೋಡಿದೆವು. ಅದೇ ವಾರ ಮನೆಯಾಕೆಯ ಕೋಪವೆಲ್ಲ ತಿರುಗಿದುದು ಬಾಳೆಹಣ್ಣಿನ ಚಿಪ್ಪನ್ನು ಮುತ್ತಿದ ಬಡ ನುಸಿಗಳ ಮೇಲೆ. ಈ ತೀರ್ಪು ನ್ಯಾಯವೇ? ವಾಚಕರೇ ಹೇಳಬೇಕು.

ಚಿಟ್ಟೆಯ ನಡತೆಯನ್ನು ನೋಡಿರಿ. ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವುಗಳ ಎಳೆಯ ಚಿಗುರನ್ನೇ ಆರಿಸಿ, ಮುಂಗಾಲುಗಳಿಂದ ರುಚಿ ನೋಡಿ, ತಾಯಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಿಕ್ಕೆಯನ್ನು ತಿನ್ನಲು ಯಾವ ಹಕ್ಕಿ ಬಂದೀತು? ಬಲಿತಾಗ ಹಸುರಾಗಿ ಎಲೆಯೊಡನೆ ಬೆರೆತುಹೋಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬೀರುತ್ತದೆ. ನಾನು ಕೆಣಕಿ ನೋಡಿದ್ದೇನೆ; ಊಟದ ಹೊತ್ತಿಗೂ ಬೆರಳು ಶುದ್ಧವಾಗಿರಲಿಲ್ಲ. ನಿಂಬೆಯ ಸಸಿಗಳನ್ನು ಬೆಳೆಸುವವರಿಗೆ ಈ ಸುಂದರಿ ಪೀಡೆಯೇ ಸರಿ.

ನುಸಿಯಾದರೋ ಸುಮಾರು 3 ಮಿಲಿಮೀಟರ್ ಉದ್ದದ, ಕೆಂಪುಗಣ್ಣಿನ ನೊಣ. ವಿಜ್ಞಾನಿಗಳ ಬಾಯಲ್ಲಿ ಡ್ರೊಸೊಫಿಲ. ಚಿಟ್ಟೆಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹಿಂದಿನ ಜೋಡಿ ಹಾರಾಟದ ಸಮತೋಲಕ್ಕೆ ನೆರವಾಗುವ ಪುಟ್ಟ ಗುಂಡುಗಳಾಗಿ ಉಳಿದಿದೆ. ಅದರ ಮುಖ್ಯ ಆಹಾರ ಹಣ್ಣು ಹುಳಿತಾಗ ಬೆಳೆಯುವ ಯೀಸ್ಟು. ಎಂದರೆ, ನಾವು ತಿನ್ನದೆ ಕೆಡಿಸಿದ ಹಣ್ಣಿನದೇ ಕೂಳು. ಬೆಚ್ಚನೆಯ ಕೋಣೆಯಲ್ಲಿ ಮೊಟ್ಟೆಯು ನೊಣವಾಗಲು ಸುಮಾರು 10 ದಿನ ಸಾಕು.

ಈ ಆತುರವೇ ಅದಕ್ಕೆ ಕೀರ್ತಿಯನ್ನು ತಂದಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪಂಡಿತ ಹಾಲಿನ ಸೀಸೆಗಳಲ್ಲಿ ಈ ನೊಣಗಳನ್ನು ಸಾಕುತ್ತಿದ್ದ. 1910ರಲ್ಲಿ ಕೆಂಪುಗಣ್ಣುಗಳ ನಡುವೆ ಬಿಳಿಗಣ್ಣಿನ ಗಂಡೊಂದು ಕಂಡಿತು. ಅದರ ವಂಶವನ್ನು ಬೆಳೆಸಿ, ಕಣ್ಣಿನ ಬಣ್ಣದ ಅಂಶ ಲಿಂಗವರ್ಣತಂತುವಿನ ಮೇಲಿದೆಯೆಂದು ತೋರಿಸಿದ. 1933ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ದೇಹದೊಳಗಿನ ಹಗಲಿರುಳ ಗಡಿಯಾರವನ್ನು ಇದೇ ನೊಣದಲ್ಲಿ ಬಿಡಿಸಿ ನೋಡಿದ ಮೂವರಿಗೆ 2017ರಲ್ಲಿ ಅದೇ ಗೌರವ ಸಂದಿತು. ದೂರದ ಮಾತೇಕೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಕಾಪಿಡುವ ಕೇಂದ್ರವೇ ಉಂಟು.

ಇದೆಲ್ಲವನ್ನೂ ಮನೆಯಲ್ಲಿ ವಿವರಿಸಿದೆ. ಮನೆಯಾಕೆ ಶಾಂತವಾಗಿ ಕೇಳಿ, ಹಣ್ಣಿನ ಮೇಲೆ ತೆಳುಬಟ್ಟೆಯೊಂದನ್ನು ಹೊದಿಸಿದಳು. ಸಸಿಯಲ್ಲುಳಿದ ಕೊನೆಯ ಹುಳುವನ್ನು ಮಗಳು ಸೀಸೆಯಲ್ಲಿಟ್ಟು ಸಾಕಿದಳು. ಮೊನ್ನೆ ಚಿಟ್ಟೆ ಹೊರಬಂದು, ಜಗಲಿಯಲ್ಲಿ ರೆಕ್ಕೆಯೊಣಗಿಸಿ ಹಾರಿಹೋಯಿತು. ಒಗ್ಗರಣೆಗೆ ಕರಿಬೇವನ್ನು ಈಗ ಪಕ್ಕದ ಮನೆಯಿಂದ ತರುತ್ತಿದ್ದೇವೆ.