ಹಳೆಯ ಮೋಟಾರು ಗಾಡಿಗಳ ಮೈತಗಡಿನ ಜೀರ್ಣೋದ್ಧಾರ

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣದ ಸಮೀಪದಿಂದ ಹಾದು ಹುಮನಾಬಾದನ್ನು ಸೇರುತ್ತದೆ. ಈ ದಾರಿಯ ಲಾರಿ ಸಂಚಾರದ ಫಲವಾಗಿ ತಗಡು ಬಡಿಯುವ, ಬೆಸೆಯುವ, ಬಣ್ಣ ಹಚ್ಚುವ ಕಸುಬುಗಳು ಇಲ್ಲಿ ಬೇರೂರಿವೆ. ಲಾರಿಯ ದುರಸ್ತಿಗೂ ಹಳೆಯ ಕಾರಿನ ಜೀರ್ಣೋದ್ಧಾರಕ್ಕೂ ಉಪಕರಣಗಳು ಬಹುಮಟ್ಟಿಗೆ ಒಂದೇ ಆದರೂ ಉದ್ದೇಶ ಬೇರೆ. ಲಾರಿಯು ಬೇಗನೆ ದಾರಿಗೆ ಮರಳಬೇಕು. ಹಳೆಯ ಕಾರಿನಲ್ಲಿ ಮೂಲ ಲೋಹವು ಆದಷ್ಟು ಉಳಿಯಬೇಕು. ಬಣ್ಣ ಹಚ್ಚುವುದಕ್ಕೆ ಮೊದಲು ನಡೆಯಬೇಕಾದ ಈ ಕಾರ್ಯದ ಕ್ರಮವನ್ನು ಇಲ್ಲಿ ವಿವೇಚಿಸುತ್ತೇವೆ.

ಇದಕ್ಕೆ ಕಾನೂನಿನ ಕಾರಣವೂ ಉಂಟು. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ಪರಿಗಣಿಸಲಾಗುತ್ತದೆ. ಚಾಸಿ, ಮೈಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ನಡೆದಿರಬಾರದು. ಆದುದರಿಂದ ಅವಿಚಾರದಿಂದ ತಗಡನ್ನು ಕತ್ತರಿಸಿ ಬದಲಿಸಿದವನು ಗಾಡಿಯ ಅರ್ಹತೆಯನ್ನೇ ಸಂಶಯಕ್ಕೆ ಒಡ್ಡುತ್ತಾನೆ.

ಮೊದಲು ಶತ್ರುವಿನ ಸ್ವರೂಪವನ್ನು ಅರಿಯೋಣ. ಇದೇ ಜಿಲ್ಲೆಯ ಬಿದರಿ ಕಸುಬಿನಲ್ಲಿ ಸತು ಹೆಚ್ಚಾಗಿಯೂ ತಾಮ್ರ ಸ್ವಲ್ಪವಾಗಿಯೂ ಇರುವ ಮಿಶ್ರಲೋಹಕ್ಕೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಲೇಪಿಸಿದಾಗ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತದೆ. ಆ ಕಪ್ಪು ಪದರವು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಬ್ಬಿಣದ ತುಕ್ಕಿನ ಗುಣ ಇದಕ್ಕೆ ವಿರುದ್ಧ. ಅದು ಸಡಿಲವಾದುದು, ರಂಧ್ರಮಯವಾದುದು. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ, ಮೇಲಿನ ಬಣ್ಣವನ್ನು ಎತ್ತಿಹಾಕುತ್ತದೆ. ತುಕ್ಕಿನ ಮೇಲೆ ಹಚ್ಚಿದ ಬಣ್ಣ ಎಷ್ಟು ಬೆಲೆಯುಳ್ಳದ್ದಾದರೂ ಬಾಳಲಾರದೆಂಬುದಕ್ಕೆ ಇದೇ ಕಾರಣ.

ಪರೀಕ್ಷೆಯೇ ಮೊದಲ ಹೆಜ್ಜೆ. ಬಾಗಿಲುಗಳ ಸಂದಿನ ಅಳತೆಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆಯಬೇಕು. ಮೂಲ ಬಣ್ಣದ ಕುರುಹು ರಬ್ಬರಿನ ಅಡಿಯಲ್ಲಿ ಹಲವು ವೇಳೆ ಉಳಿದಿರುತ್ತದೆ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ತಗಡಿನ ಮೇಲೆ ಸರಿಸಿದರೆ, ಹಿಂದಿನವರು ದಪ್ಪವಾಗಿ ಪುಟ್ಟಿ ತುಂಬಿದೆಡೆಯಲ್ಲಿ ಅದರ ಹಿಡಿತ ಸಡಿಲುತ್ತದೆ.

ಅನಂತರ ಹಳೆಯ ಬಣ್ಣವನ್ನು ತೆಗೆಯಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಆದುದರಿಂದ ಒಣಗಿದಂತೆಯೇ ಉಜ್ಜದೆ, ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜುವುದೂ ಮೂಗುಬಾಯಿಗಳಿಗೆ ತಕ್ಕ ಮುಸುಕು ಧರಿಸುವುದೂ ಅವಶ್ಯ. ಅಗಲವಾದ ತೆಳು ತಗಡಿಗೆ ಮರಳನ್ನು ರಭಸದಿಂದ ಎರಚಿದರೆ ಅದು ಸೊಟ್ಟಗಾಗಬಹುದು. ಅಲ್ಲಿ ರಾಸಾಯನಿಕ ದ್ರಾವಕವೇ ಲೇಸು.

ತುಕ್ಕನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು. ಮೇಲ್ಪದರದ ತುಕ್ಕನ್ನು ಉಜ್ಜಿ ತೆಗೆಯಬಹುದು. ಗುಳಿಬಿದ್ದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವನ್ನು ಹಚ್ಚಿ, ಉಳಿದ ಆಮ್ಲವನ್ನು ಸೂಚನೆಯಂತೆ ನಿವಾರಿಸಬೇಕು. ತೂತುಬಿದ್ದ ಭಾಗವನ್ನು ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ, ಅದೇ ದಪ್ಪದ ತೇಪೆಯನ್ನು ಬೆಸೆಯಬೇಕು. ಒಂದೇ ಸಮನೆ ಬೆಸೆದರೆ ಶಾಖದಿಂದ ತಗಡು ಡೊಂಕಾಗುತ್ತದೆ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದು, ಆರಲು ಬಿಟ್ಟು ಮುಂದುವರಿಯಬೇಕು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಗಾಡಿಯಲ್ಲಿ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಭಾರವನ್ನು ಹೊರುತ್ತದೆ. ಅಂಥ ಗಾಡಿಯಲ್ಲಿ ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿಯನ್ನು ಆಸರೆ ಕೊಡದೆ ಕತ್ತರಿಸಿದರೆ ಇಡೀ ಮೈ ಜೋತುಬೀಳುವ ಅಪಾಯವಿದೆ.

ಗ್ಯಾರೇಜುಗಳಲ್ಲಿ ಡೆಂಟಿಂಗ್ ಎನ್ನುವ ತಗ್ಗು ತೆಗೆಯುವ ಕೆಲಸಕ್ಕೆ, ಒಳಗಿನಿಂದ ಉಕ್ಕಿನ ಗಟ್ಟಿಯನ್ನು ಆನಿಸಿ, ಹೊರಗಿನಿಂದ ಲಘುವಾಗಿ ಸುತ್ತಿಗೆಯಿಂದ ಬಡಿಯಬೇಕು. ತಗ್ಗಿನ ಅಂಚಿನಿಂದ ಆರಂಭಿಸಿ ನಡುವಿಗೆ ಬರುವುದು ಕ್ರಮ. ಜೋರಾಗಿ ಬಡಿದರೆ ಲೋಹ ಹಿಗ್ಗಿ ಉಬ್ಬುತ್ತದೆ. ಹಿಂದೆ ಉಳಿದ ತಗ್ಗುಗಳಿಗೆ ಸೀಸ-ತವರಗಳ ಬೆಸುಗೆಯನ್ನು ತುಂಬುತ್ತಿದ್ದರು. ಈಗ ಪಾಲಿಯೆಸ್ಟರ್ ಪುಟ್ಟಿ ಬಳಕೆಯಲ್ಲಿದೆ. ಅದು ತೇವವನ್ನು ಹೀರಬಲ್ಲುದಾದ್ದರಿಂದ ತೆಳುವಾಗಿ ಮಾತ್ರ ಹಚ್ಚತಕ್ಕದ್ದು. ತುಕ್ಕಿನ ತೂತನ್ನು ಪುಟ್ಟಿಯಿಂದ ಮುಚ್ಚುವುದು ಹುಣ್ಣನ್ನು ತೊಳೆಯದೆ ಬಟ್ಟೆ ಕಟ್ಟಿದಂತೆ.

ಶುದ್ಧವಾದ ಬರಿಯ ಉಕ್ಕಿಗೆ ತೇವದ ಗಾಳಿ ಸೋಕಿದರೆ ಅಲ್ಪಕಾಲದಲ್ಲಿಯೇ ಹೊಸ ತುಕ್ಕು ಕಾಣಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ಭಯ ಹೆಚ್ಚು. ಬೀದರ ಸೀಮೆಯ ಒಣ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ. ಎಣ್ಣೆಯ ಜಿಡ್ಡನ್ನು ಒರೆಸಿ, ತಡಮಾಡದೆ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯಲು ಇರುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಉಜ್ಜಿ ಕಳೆದ ಮೂಲ ಲೋಹ ಮತ್ತೆ ಬಾರದು. ಬಣ್ಣವನ್ನಾದರೋ ಎಷ್ಟು ಸಲವಾದರೂ ಹಚ್ಚಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹೆದ್ದಾರಿಯ ಬದಿಯ ಕಸುಬುದಾರರಿಂದ ಕೈಚಳಕವನ್ನು ಕಲಿತು, ಅದಕ್ಕೆ ರಸಾಯನಶಾಸ್ತ್ರದ ತಿಳಿವನ್ನು ಕೂಡಿಸಿದರೆ, ಈ ಸೀಮೆಯ ಹಳೆಯ ಗಾಡಿಗಳಿಗೂ ಹಳೆಯ ಕಸುಬಿಗೂ ಒಳಿತಾದೀತು.